‘ಅಜಲು’ ಅಂದರೆ ಹಕ್ಕೋ, ಹಿಂಸೆಯೋ?

ರಾಣೆಬೆನ್ನೂರ್_ಓದುಗಿ

ಎಲ್ಲರಿಗೂ ನಮಸ್ಕಾರ. ಕೆಎಎಸ್ ಪರೀಕ್ಷೆಗೆ ಓದುತ್ತಾ ಇದ್ದೇನೆ. ಗೈಡಿನಲ್ಲಿ ಒಂದು ಸಾಲು ಬಂತು: ‘ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ, 2000’. ಕೊರಗರು ಕರಾವಳಿಯ ಒಂದು ಬುಡಕಟ್ಟಿನವರು ಅಂತ ಗೊತ್ತು. ಅದರ ಕೆಳಗೆ ವಿವರಣೆ ಅಂತ ಇರುವುದು ‘ಅಜಲು ಎಂಬುದು ಒಂದು ಅಮಾನವೀಯ ಪದ್ಧತಿ’, ಅಷ್ಟೇ. ಹಾಸ್ಟೆಲಿನಲ್ಲಿ ಮಂಗಳೂರು ಕಡೆಯ ಒಬ್ಬಳು ಇದ್ದಾಳೆ. ಅವಳನ್ನು ಕೇಳಿದರೆ, ‘ಅಯ್ಯೋ, ಅಜಲು ಅಂದರೆ ದೈವ ಕಟ್ಟುವವರ ಹಕ್ಕು, ಅದರಲ್ಲಿ ಕೆಟ್ಟದ್ದೇನಿದೆ’ ಅಂದಳು. ಒಂದೇ ಪದಕ್ಕೆ ಹಕ್ಕು ಅಂತಲೂ ಅರ್ಥ, ಅಮಾನವೀಯ ಅಂತಲೂ ಅರ್ಥ. ಹೇಗೆ? ಪರೀಕ್ಷೆಗೆ ಎರಡು ಅಂಕದ ಉತ್ತರ ಸಾಕು ಅನ್ನುವವರು ದಯವಿಟ್ಟು ಬೇಡ. ನಿಜವಾಗಿ ಏನು ನಡೆಯುತ್ತಿತ್ತು ಅಂತ ತಿಳಿಯಬೇಕು.

ಶಾಂತಾರಾಮ_ಬೆಂಗಳೂರು

ನಾನು ಓದಿದ ಪ್ರಕಾರ ಊಟದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಅದೇ ಅಜಲು. ನಿಷೇಧ ಆಗಿದೆ. ಮುಗೀತು.

ಬೈಂದೂರು_ಟು_ಬಜ್ಪೆ

ಮುಗಿಯಲಿಲ್ಲ ಮಾರಾಯ್ರೆ, ಅಲ್ಲೇ ಇರುವುದು ವಿಷಯ.

ಓದುಗಿಯವರೇ, ನಿಮ್ಮ ಹಾಸ್ಟೆಲ್ ಗೆಳತಿ ಹೇಳಿದ್ದು ಸುಳ್ಳಲ್ಲ. ನಮ್ಮ ತುಳುನಾಡಿನಲ್ಲಿ ದೈವಕ್ಕೆ ಕಟ್ಟುವವರು, ಅಂದರೆ ದೈವದ ವೇಷ ತೊಟ್ಟು ಕುಣಿಯುವವರು, ಪಂಬದ, ಪರವ, ನಲಿಕೆ ಸಮುದಾಯದವರು. ಇಂಥ ಊರಿನ ಕೋಲ (ದೈವದ ಉತ್ಸವ) ಇಂಥ ಮನೆತನಕ್ಕೆ ಸೇರಿದ್ದು ಅಂತ ಹಿಂದಿನಿಂದ ಹಂಚಿಕೆ ಇದೆ. ಆ ವ್ಯಾಪ್ತಿಗೆ ಅಜಲು ಅನ್ನುತ್ತಾರೆ. ಒಬ್ಬರ ಅಜಲಿನೊಳಗೆ ಇನ್ನೊಬ್ಬರು ಹೋಗಿ ಕಟ್ಟಿದರೆ ಜಗಳವೇ ಆಗುತ್ತದೆ. ಅಂದರೆ ಅಲ್ಲಿ ಅಜಲು ಅವರು ಬಿಟ್ಟುಕೊಡದ ಒಂದು ಅಧಿಕಾರ.

ಕೊರಗರ ವಿಷಯಕ್ಕೆ ಬಂದಾಗ ಇದೇ ಪದ ತಲೆಕೆಳಗಾಗುತ್ತದೆ. ಅವರಿಗೂ ಇಂಥ ಊರು, ಇಂಥ ಮನೆ ಅಂತ ಇತ್ತು. ಅಲ್ಲಿ ಏನಾದರೂ ಆದರೆ ಇವರು ಹೋಗಲೇಬೇಕು. ಕೋಲ, ನೇಮ, ಜಾತ್ರೆಗೆ ಡೋಲು ಬಡಿಯಬೇಕು. ಸತ್ತ ದನ ಎಳೆಯಬೇಕು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಇಬ್ಬನಿ ಬೀಳುವಾಗ ಡೋಲು ಹಿಡಿದು ಕೂತೇ ಇರಬೇಕು. ತುಳುವಿನಲ್ಲಿ ಅದಕ್ಕೆ ‘ಪನಿ ಕುಲ್ಲುನಿ’ ಅನ್ನುತ್ತಾರೆ. ಬೆಳಗ್ಗೆ ಕೋಣ ಓಡುವ ಮೊದಲು ಇವರನ್ನು ಕೆಸರಿನಲ್ಲಿ ಓಡಿಸುವುದು. ಗದ್ದೆಯಲ್ಲಿ ಗಾಜಿನ ಚೂರು, ಕಲ್ಲು ಏನಾದರೂ ಇದ್ದರೆ ಮೊದಲು ಇವರ ಕಾಲಿಗೆ ತಾಗಲಿ ಅಂತ. ಕೋಣದ ಕಾಲು ಉಳಿಯಬೇಕಲ್ಲ!

ಕೂದಲು, ಉಗುರಿನ ಊಟ ಇವೆಲ್ಲದರ ಜೊತೆಗೆ ಒಂದು. ಮನೆಯಲ್ಲಿ ಯಾರಿಗೋ ಕಾಯಿಲೆ ಗುಣವಾಗುತ್ತಿಲ್ಲ, ಬಸುರಿಗೆ ಏನೋ ದೋಷ ಇದೆ ಅಂತಾದರೆ ಆ ಅನ್ನ ಕೊರಗರಿಗೆ. ತಿಂದವರಿಗೆ ದೋಷ ದಾಟುತ್ತದೆ ಎಂಬ ನಂಬಿಕೆ.

ಗದ್ದೆಬದಿ

ಸ್ವಲ್ಪ ತಡೀರಿ. ನಾನೂ ದಕ್ಷಿಣ ಕನ್ನಡದವನೇ. ಎಲ್ಲವನ್ನೂ ಕ್ರೌರ್ಯ ಅಂತ ಬರೆದರೆ ಹೊರಗಿನವರು ನಮ್ಮ ಊರನ್ನೇ ರಾಕ್ಷಸರ ಊರು ಅಂದುಕೊಳ್ಳುತ್ತಾರೆ. ಕೊರಗರಿಗೆ ಅಕ್ಕಿ, ತೆಂಗಿನಕಾಯಿ, ಬಟ್ಟೆ ಕೊಟ್ಟೇ ಕಳಿಸುತ್ತಿದ್ದರು. ಯಾರೂ ಕೈಕಾಲು ಕಟ್ಟಿ ತಿನ್ನಿಸಲಿಲ್ಲ, ಅವರಾಗಿ ಬರುತ್ತಿದ್ದರು. ಮಗು ಉಳಿಯದ ಮನೆಯಲ್ಲಿ ಕೂಸನ್ನು ಕೊರಗ ತಾಯಿಯ ಕೈಗೆ ಕೊಟ್ಟು, ಅವರಿಂದ ಹೆಸರಿಡಿಸಿ ವಾಪಸ್ ತರುವ ಪದ್ಧತಿಯೂ ಇತ್ತು. ಇವತ್ತಿಗೂ ಬೇರೆ ಬೇರೆ ಜಾತಿಯಲ್ಲಿ ಕೊರಗಪ್ಪ ಅನ್ನುವ ಹೆಸರು ಇದೆಯಲ್ವಾ? ನಮ್ಮ ಕುಟುಂಬದಲ್ಲೇ ಒಬ್ಬರು ಅಜ್ಜ ಇದ್ದರು. ದ್ವೇಷ ಇದ್ದರೆ ಆ ಹೆಸರು ಇಡುತ್ತಿದ್ದರಾ? ಎಲ್ಲಕ್ಕಿಂತ ಹೆಚ್ಚಾಗಿ ಕೊರಗ ತನಿಯನನ್ನು, ನಾವೆಲ್ಲ ಕೊರಗಜ್ಜ ಅಂತ ಕರೆಯುವ ದೈವವನ್ನು, ನಂಬದ ಮನೆ ಕರಾವಳಿಯಲ್ಲಿ ಎಷ್ಟಿದೆ ಹೇಳಿ.

ಬೈಂದೂರು_ಟು_ಬಜ್ಪೆ

ಅಣ್ಣ, ನೀವು ಕೊಟ್ಟ ಉದಾಹರಣೆಯೇ ನಿಮಗೆ ತಿರುಗುತ್ತದೆ. ಕೂಸಿಗೆ ಕೊರಗ ಅಂತ ಹೆಸರಿಟ್ಟದ್ದು ಯಾಕೆ? ಸಾವು ಕೂಡ ಮುಟ್ಟಲು ಹೇಸುವಷ್ಟು ಕೀಳು ಅಂತ ತಿಳಿದೇ. ‘ಇದು ಕೊರಗರ ಕೂಸು, ಬಿಟ್ಟುಬಿಡು’ ಅಂತ ಯಮನಿಗೆ ಸುಳ್ಳು ಹೇಳುವ ಉಪಾಯ ಅದು. ಗೌರವ ಎಲ್ಲಿಂದ ಬಂತು?

ಕೊರಗಜ್ಜನಿಗೆ ಚಕ್ಕುಲಿ, ಬೀಡಾ, ಕಳ್ಳು ಇಡುತ್ತೇವೆ. ಕಾರಿನ ಹಿಂದಿನ ಗಾಜಿಗೆ ಸ್ಟಿಕ್ಕರ್ ಹಾಕುತ್ತೇವೆ. ಹತ್ತಿರದ ಕೊರಗರ ಕಾಲೊನಿಯಲ್ಲಿ ಎಷ್ಟು ಮನೆ ಇದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೂ ಕಾಲೇಜು ಮುಗಿಯುವವರೆಗೆ ಗೊತ್ತಿರಲಿಲ್ಲ.

ವಕೀಲಿಕೆ_ವಸುಧಾ

ಕಾಯ್ದೆಯ ಕಡೆಯಿಂದ ಹೇಳುತ್ತೇನೆ. ಗೈಡ್ ಬರೆದವರು ಕಾಯ್ದೆ ಓದಿದ ಹಾಗೆ ಕಾಣುವುದಿಲ್ಲ.

2000ದ ಕಾಯ್ದೆಯಲ್ಲಿ ಅಜಲು ಎಂಬುದಕ್ಕೆ ವ್ಯಾಖ್ಯೆ ಇದೆ. ನನ್ನ ಮಾತಿನಲ್ಲಿ ಹೇಳುವುದಾದರೆ ಅದರೊಳಗೆ ನಾಲ್ಕು ಸಂಗತಿ ಬರುತ್ತವೆ. ಕೊರಗರಿಂದ ಕೆಲಸ ಮಾಡಿಸಿಕೊಂಡು ಕೂಲಿ ಕೊಡದೆ ಇರುವುದು ಅಥವಾ ಬೇರೆಯವರಿಗಿಂತ ಕಡಿಮೆ ಕೊಡುವುದು. ಅವರನ್ನು ಬೇರೆ ಮನುಷ್ಯರಿಗಿಂತ ಕೀಳಾಗಿ ನಡೆಸಿಕೊಳ್ಳುವುದು. ಕೂದಲು, ಉಗುರು ಮುಂತಾದ ತಿನ್ನಬಾರದ್ದನ್ನು ಊಟದಲ್ಲಿ ಬೆರೆಸಿ ತಿನ್ನಲು ಹೇಳುವುದು. ಕಂಬಳಕ್ಕೆ ಮೊದಲು ಕೋಣದ ಹಾಗೆ ಓಡಿಸುವುದು.

ಶಾಂತಾರಾಮ ಅವರು ಬರೆದದ್ದು ಮೂರನೆಯದು ಮಾತ್ರ. ಪತ್ರಿಕೆಗಳಲ್ಲಿ ಜಾಸ್ತಿ ಬಂದಿದ್ದೂ ಅದೇ, ಓದಿದವರ ಹೊಟ್ಟೆ ತೊಳಸುತ್ತದಲ್ಲ. ನನಗೆ ಮಾತ್ರ ಕೂಲಿಯ ಮಾತು ಈ ವ್ಯಾಖ್ಯೆಯೊಳಗೆ ಇರುವುದೇ ಮುಖ್ಯ ಅನ್ನಿಸುತ್ತದೆ. ಕೂಲಿ ಕೊಡದೆ ದುಡಿಸುವುದನ್ನೂ ಉಗುರು ತಿನ್ನಿಸುವುದನ್ನೂ ಶಾಸನ ಒಂದೇ ಹೆಸರಿನ ಕೆಳಗೆ ಇಟ್ಟಿದೆ. ಬರೆದವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು.

ಇನ್ನು ಗದ್ದೆಬದಿಯವರ ‘ಅವರಾಗಿ ಬರುತ್ತಿದ್ದರು’ ಅನ್ನುವ ವಾದ. ವ್ಯಾಖ್ಯೆ ‘ಬಲವಂತವಾಗಿ ತಿನ್ನಿಸುವುದು’ ಅಂತ ನಿಲ್ಲುವುದಿಲ್ಲ. ತಿನ್ನಲು ಹೇಳಿದರೂ ಸಾಕು. ಒಪ್ಪಿಗೆ ಇತ್ತು ಅನ್ನುವ ಬಾಗಿಲನ್ನು ಅಲ್ಲೇ ಮುಚ್ಚಿದ್ದಾರೆ.

ಗದ್ದೆಬದಿ

ಹಾಗಾದರೆ ಒಪ್ಪಿಗೆಗೆ ಬೆಲೆಯೇ ಇಲ್ಲವೇ ಮೇಡಂ? ಕುಕ್ಕೆಯಲ್ಲಿ ಮಡೆಸ್ನಾನ, ಅಂದರೆ ಉಂಡ ಎಲೆಯ ಮೇಲೆ ಉರುಳುವ ಸೇವೆ, ಮಾಡುತ್ತಿದ್ದವರೂ ಹರಕೆ ಹೊತ್ತು ತಾವಾಗಿಯೇ ಬಂದವರು. ಅವರ ನಂಬಿಕೆ ಅವರದು.

ವಕೀಲಿಕೆ_ವಸುಧಾ

ಅದು ಸ್ವಲ್ಪ ಬೇರೆ ಪ್ರಶ್ನೆ, ಆದರೂ ಚೆನ್ನಾಗಿ ಕೇಳಿದಿರಿ. ಮಡೆಸ್ನಾನದ ವಿಷಯ ಹೈಕೋರ್ಟಿಗೆ ಹೋಗಿ, ಆಮೇಲೆ 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2017ರಲ್ಲಿ ರಾಜ್ಯ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ ಒಂದು ಕಾಯ್ದೆ ಮಾಡಿತು. ಎಂಜಲೆಲೆ ಮೇಲೆ ಉರುಳುವುದು ಆ ಪಟ್ಟಿಯಲ್ಲಿದೆ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅಲ್ಲಿ ಒಪ್ಪಿಗೆಯ ಬಗ್ಗೆ ವಾದ ಮಾಡುವುದಕ್ಕೆ ಜಾಗ ಇದೆ. ಉರುಳುವವರು ತಮ್ಮ ಹರಕೆಗೆ ಉರುಳುತ್ತಾರೆ, ಅವರಲ್ಲಿ ಬೇರೆ ಬೇರೆ ಜಾತಿಯವರಿದ್ದರು.

ಅಜಲಿನಲ್ಲಿ ಹಾಗಿಲ್ಲ. ಕಾಯಿಲೆ ಒಬ್ಬರದು, ತಿನ್ನುವವರು ಇನ್ನೊಬ್ಬರು. ಹರಕೆ ಹೊತ್ತವರೇ ಉಗುರು ತಿನ್ನಲಿ, ಆಗ ನಂಬಿಕೆಯ ಮಾತಾಡೋಣ.

ಶಾಂತಾರಾಮ_ಬೆಂಗಳೂರು

ಈ ಕೊನೆಯ ಸಾಲಿಗೆ ಒಂದು ನಮಸ್ಕಾರ.

ಡೋಲು_ಮತ್ತು_ಬುಟ್ಟಿ

ಇಲ್ಲಿಯವರೆಗೆ ಸುಮ್ನೆ ಓದುತ್ತಾ ಇದ್ದೆ. ನಾನು ಕೊರಗ ಸಮುದಾಯದವನು, ಉಡುಪಿ ಜಿಲ್ಲೆ. ಹೆಸರು ಬೇಡ. ಕೆಲವು ಮಾತು ಹೇಳಬೇಕು ಅನ್ನಿಸಿತು.

ಗದ್ದೆಬದಿ ಅಣ್ಣ, ‘ಅವರಾಗಿ ಬರುತ್ತಿದ್ದರು’ ಅಂದಿರಲ್ಲ. ಅದು ಹೇಗಿತ್ತು ಅಂತ ನನ್ನ ಅಜ್ಜಿ ಹೇಳಿದ್ದನ್ನು ಹೇಳುತ್ತೇನೆ. ನಮ್ಮ ಗುಡಿಸಲು ಇದ್ದದ್ದು ಆ ಮನೆಯವರ ಜಾಗದ ಮೂಲೆಯಲ್ಲಿ. ನೀರು ಅವರ ತೋಡಿನದು. ಬುಟ್ಟಿಗೆ ಬೇಕಾದ ಬೀಳು (ಬಳ್ಳಿ), ಬಿದಿರು ತರುವ ದಾರಿ ಅವರ ತೋಟದೊಳಗೆ. ನಾವು ಹೆಣೆದ ಬುಟ್ಟಿ, ಗೆರಸೆ ಕೊಳ್ಳುವವರೂ ಅವರೇ. ಅಲ್ಲಿಂದ ಒಂದು ಮಾತು ಬರುತ್ತಿತ್ತು, ‘ನಾಳೆ ಬರಬೇಕಂತೆ’. ಬೈದು ಹೇಳಿದ್ದಲ್ಲ, ಹೊಡೆದೂ ಅಲ್ಲ. ಆ ಮನೆಯವರು ಕೆಟ್ಟವರು ಅಂತ ಅಜ್ಜಿ ಒಂದು ದಿನವೂ ಹೇಳಿಲ್ಲ. ‘ಹೋಗದಿದ್ದರೆ?’ ಅಂತ ನಾನು ಕೇಳಿದಾಗ ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಹೋಗದೆ ಇರುವುದು ಅಂತ ಒಂದು ಇದೆ ಎಂಬುದೇ ಅವರ ತಲೆಯಲ್ಲಿ ಇರಲಿಲ್ಲ.

ತಿನ್ನುವ ಅನ್ನದಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ತಿಂದರು. ಆ ದಿನ ಮಕ್ಕಳಿಗೆ ಅಕ್ಕಿ ಸಿಗುತ್ತಿತ್ತು.

ಹಾಗಾಗಿ ನಮ್ಮವರು ಅಜಲಿನ ಬಗ್ಗೆ ಮಾತಾಡುವಾಗ ಕೂದಲು, ಉಗುರಿನ ಮಾತು ಅಷ್ಟು ಎತ್ತುವುದಿಲ್ಲ. ಭೂಮಿಯ ಮಾತು ಎತ್ತುತ್ತಾರೆ. 1990ರ ದಶಕದಲ್ಲಿ ನಮ್ಮವರ ಬಗ್ಗೆ ಡಾ. ಮಹಮ್ಮದ್ ಪೀರ್ ವರದಿ ಬಂತು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿ ಭೂಮಿ ಕೊಡಬೇಕು ಅಂತ ಅದರಲ್ಲಿದೆ. ನಮ್ಮ ಸಂಘಗಳು ಪ್ರತಿ ವರ್ಷ ಆಗಸ್ಟ್ 18ಕ್ಕೆ ಭೂಮಿ ಹಬ್ಬ ಮಾಡುತ್ತವೆ. ಇನ್ನೊಬ್ಬರ ಜಾಗದ ಮೂಲೆಯಲ್ಲಿ ಇರುವವನಿಗೆ ‘ನಿನ್ನ ಮೇಲೆ ದೌರ್ಜನ್ಯ ಆದರೆ ದೂರು ಕೊಡು’ ಅಂದರೆ ಏನು ಮಾಡುತ್ತಾನೆ? ದೂರು ಕೊಟ್ಟು ಬಂದು ರಾತ್ರಿ ಮಲಗುವುದು ಎಲ್ಲಿ?

ರಾಣೆಬೆನ್ನೂರ್_ಓದುಗಿ

ಅಣ್ಣ, ಇಷ್ಟನ್ನು ಬರೆದದ್ದಕ್ಕೆ ಧನ್ಯವಾದ. ಗೈಡಿನಲ್ಲಿ ಕೊರಗರ ಬಗ್ಗೆ ಇರುವುದು ‘ಜೇನು ಕುರುಬ ಮತ್ತು ಕೊರಗ, ರಾಜ್ಯದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳು’ ಅನ್ನುವ ಒಂದು ಸಾಲು. ಒಂದು ಅಂಕ.

ಒಂದು ಕೇಳಬಹುದಾ? ಡೋಲಿನ ಬಗ್ಗೆ. ಡೋಲು ಬಡಿಸುವುದೂ ಅಜಲೇ ಅಂದರೆ, ಯೂಟ್ಯೂಬಿನಲ್ಲಿ ಕೊರಗರ ಡೋಲಿನ ತಂಡಗಳು ವೇದಿಕೆ ಮೇಲೆ ಬಾರಿಸುವುದನ್ನು ನೋಡಿದ್ದೇನೆ. ಅದು?

ಡೋಲು_ಮತ್ತು_ಬುಟ್ಟಿ

ಈ ಪ್ರಶ್ನೆಗೆ ನಮ್ಮ ಮನೆಯೊಳಗೇ ಒಂದು ಉತ್ತರ ಇಲ್ಲ ಅಕ್ಕ.

ನನ್ನ ಮಾವ ಡೋಲು ಮುಟ್ಟುವುದಿಲ್ಲ. ‘ಅದರ ಸದ್ದು ಕೇಳಿದರೆ ಗದ್ದೆಬದಿಯ ಚಳಿ ನೆನಪಾಗುತ್ತದೆ’ ಅನ್ನುತ್ತಾರೆ. ನಾನು ಬಾರಿಸುತ್ತೇನೆ. ನಮ್ಮ ಮದುವೆಯಲ್ಲಿ, ನಮ್ಮ ದೈವಕ್ಕೆ, ನಾವು ಒಪ್ಪಿಕೊಂಡ ಕಾರ್ಯಕ್ರಮದಲ್ಲಿ. ದುಡ್ಡು ಮೊದಲೇ ಮಾತಾಡುತ್ತೇವೆ. ಊಟಕ್ಕೆ ಎಲ್ಲರ ಪಂಕ್ತಿಯಲ್ಲಿ ಕೂರಿಸದಿದ್ದರೆ ಬರುವುದಿಲ್ಲ ಅಂತ ಫೋನಿನಲ್ಲೇ ಹೇಳಿಬಿಡುತ್ತೇವೆ. ಕೆಲವರು ಅಲ್ಲಿಗೇ ಫೋನ್ ಇಡುತ್ತಾರೆ.

ಒಂದು ಉತ್ಸವ ಸಮಿತಿಯಿಂದ ಕೇಳಿಬಂದದ್ದನ್ನು ಹೇಳಲೇಬೇಕು. ‘ಹಿಂದಿನಿಂದ ನಿಮ್ಮವರೇ ಬಾರಿಸುವುದು, ಈಗ ದುಡ್ಡು ಕೇಳುತ್ತೀರಲ್ಲ, ಸಂಪ್ರದಾಯ ಮರೆತಿರಾ?’ ಚೆಂಡೆಯವರಿಗೆ, ಬ್ಯಾಂಡಿನವರಿಗೆ ಅದೇ ಸಮಿತಿ ಮುಂಗಡ ಕೊಟ್ಟಿತ್ತು.

ಬೈಂದೂರು_ಟು_ಬಜ್ಪೆ

ಇದೇ ನೋಡಿ. ದೈವ ಕಟ್ಟುವವರ ಅಜಲಿನ ಬಗ್ಗೆ ನಾನು ಮೇಲೆ ಬರೆದದ್ದಕ್ಕೆ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಅವರದು ಬಹಳ ಸುಖದ ಬದುಕು ಅಂತ ಆಗುತ್ತದೆ. ಕೋಲದ ರಾತ್ರಿ ಅವರ ಮುಂದೆ ಗುತ್ತಿನ (ಊರಿನ ದೊಡ್ಡ ಮನೆತನದ) ಯಜಮಾನ ಕೈಮುಗಿದು ನಿಲ್ಲುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನೆಯ ಅಂಗಳದಲ್ಲಿ ಅವರ ಜಾಗ ಎಲ್ಲಿ ಅಂತ ಎಲ್ಲರಿಗೂ ಗೊತ್ತು. ಆದರೂ ‘ಇಲ್ಲಿ ಕಟ್ಟುವವನು ನಾನೇ’ ಅಂತ ಹಟ ಹಿಡಿಯುವ ಅಧಿಕಾರ ಅವರಿಗಿದೆ. ಆ ಅಧಿಕಾರಕ್ಕಾಗಿ ಜಗಳಾಡುತ್ತಾರೆ. ‘ಕೂದಲಿನ ಅನ್ನ ತಿನ್ನುವವನು ನಾನೇ, ನೀನು ಬರಬೇಡ’ ಅಂತ ಜಗಳ ಆಡಿದ ಕೊರಗರನ್ನು ಯಾರಾದರೂ ಕಂಡಿದ್ದೀರಾ?

ಪದ ಒಂದೇ ಆದರೂ ಬಿಟ್ಟರೆ ಯಾರಿಗೆ ನಷ್ಟ ಅಂತ ನೋಡಿ. ದೈವ ಕಟ್ಟುವವರು ಬಿಟ್ಟರೆ ಅವರಿಗೇ ನಷ್ಟ. ಕೊರಗರು ಬಿಟ್ಟರೆ ಮನೆಯವರಿಗೆ ನಷ್ಟ. ನನಗೆ ಇಷ್ಟು ಸಾಕು ವ್ಯತ್ಯಾಸ ತಿಳಿಯಲು.

ಸವಣೂರು_ಖಾರಾ

ಓದುಗಿ ಅಕ್ಕಾರ, ನಿಮ್ಮ ಜಿಲ್ಲಾದಾಗಿನ ಮಾತು ಒಂದು ಹೇಳ್ತೀನಿ. 2010ರ ಜುಲೈದಾಗ ಸವಣೂರಿನ ಭಂಗಿ ಸಮಾಜದವರು, ಅಂದ್ರ ಮಲ ಹೊರೋ ಕೆಲಸ ಮಾಡ್ತಿದ್ದವರು, ತಮ್ಮನ್ನು ಜಾಗಾದಿಂದ ಎಬ್ಬಿಸ್ತಾರ ಅಂತ ಪುರಸಭೆ ಮುಂದ ಮೈಮ್ಯಾಲೆ ಮಲ ಸುರಕೊಂಡು ಪ್ರತಿಭಟನೆ ಮಾಡಿದ್ರು. ರಾಜ್ಯಕ್ಕ ರಾಜ್ಯಾನೇ ಆಗ ಬೆಚ್ಚಿ ನೋಡ್ತು. ಮಲ ಹೊರೂದು ಬಂದ್ ಆಗಬೇಕು ಅಂತ ದೇವರಾಜ ಅರಸರ ಕಾಲದಾಗ, ಬಸವಲಿಂಗಪ್ಪನವರು ಮಂತ್ರಿ ಇದ್ದಾಗನ ಆದೇಶ ಆಗಿತ್ತು. ನಲವತ್ತು ವರ್ಷದ ಹತ್ತಿರ ಆಗಿತ್ತು ಅದಕ್ಕ. ಇಲ್ಲೂ ಜಗಳದ ಬುಡ ಜಾಗಾನ. ಡೋಲು ತಮ್ಮ ಹೇಳಿದ್ದು ನೂರಕ್ಕ ನೂರು ಖರೆ.

ಶಾಂತಾರಾಮ_ಬೆಂಗಳೂರು

ಒಂದು ಅನುಮಾನ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರಲ್ಲೇ ಬಂದಿತ್ತಲ್ಲ. ಕೊರಗರು ಪರಿಶಿಷ್ಟ ಪಂಗಡ. ಹಾಗಿದ್ದ ಮೇಲೆ 2000ದಲ್ಲಿ ಬೇರೆ ಕಾಯ್ದೆ ಯಾಕೆ ಬೇಕಾಯಿತು?

ವಕೀಲಿಕೆ_ವಸುಧಾ

1989ರ ಕಾಯ್ದೆಯಲ್ಲಿ ಅಪರಾಧಗಳ ಪಟ್ಟಿಯೇ ‘ತಿನ್ನಬಾರದ, ಅಸಹ್ಯವಾದ ವಸ್ತುವನ್ನು ತಿನ್ನಿಸುವುದು ಅಥವಾ ಕುಡಿಸುವುದು’ ಎಂಬುದರಿಂದ ಶುರುವಾಗುತ್ತದೆ. ಓದುವಾಗ ಎಲ್ಲೋ ಯಾರೋ ಒಬ್ಬ ಕ್ರೂರಿ ಮಾಡಿದ ಕೆಲಸದ ಹಾಗೆ ಕಾಣುತ್ತದೆ ಅಲ್ವಾ? ಆ ಸಾಲು ಓದಿ ಕರಾವಳಿಯ ಒಂದು ಮನೆಯವರಿಗೆ ‘ಇದು ನಮ್ಮ ಬಗ್ಗೆ’ ಅಂತ ಅನ್ನಿಸುವುದಿಲ್ಲ. ಅವರ ಲೆಕ್ಕದಲ್ಲಿ ಅವರು ಪೂಜೆ ಮಾಡುತ್ತಿದ್ದಾರೆ, ದಾನ ಕೊಡುತ್ತಿದ್ದಾರೆ. ಅದಕ್ಕೆ ಅವರೇ ಇಟ್ಟುಕೊಂಡಿರುವ ಹೆಸರು ಹಿಡಿದು ‘ಇದು ಅಪರಾಧ’ ಅನ್ನುವುದಕ್ಕೆ ಬೇರೆ ತೂಕ ಇದೆ. ಇದು ನನ್ನ ಅಭಿಪ್ರಾಯ, ಶಾಸನ ಸಭೆಯಲ್ಲಿ ಹೀಗೇ ಹೇಳಿದರು ಅಂತ ನಾನು ಹೇಳುತ್ತಿಲ್ಲ.

ಇನ್ನೊಂದು. 1989ರ ಕಾಯ್ದೆಗೆ 2015ರಲ್ಲಿ ದೊಡ್ಡ ತಿದ್ದುಪಡಿ ಆಯಿತು, 2016ರ ಜನವರಿ 26ರಿಂದ ಜಾರಿ. ಚಪ್ಪಲಿ ಹಾರ ಹಾಕುವುದು, ತಲೆ ಅಥವಾ ಮೀಸೆ ಬೋಳಿಸುವುದು, ಮದುವೆ ಮೆರವಣಿಗೆ ತಡೆಯುವುದು, ಬಹಿಷ್ಕಾರ ಹಾಕುವುದು, ಇವೆಲ್ಲ ಬಿಡಿಬಿಡಿಯಾಗಿ ಸೇರಿದವು. ನಮ್ಮ ಜನ ಮಾತ್ರ ಇಡೀ ಕಾಯ್ದೆಯನ್ನು ‘ಜಾತಿ ನಿಂದನೆ ಕೇಸ್’ ಅನ್ನುತ್ತಾರೆ. ಬೈಗುಳ ಅದರಲ್ಲಿ ಒಂದು ಸಣ್ಣ ಭಾಗ. ಸ್ಟೇಷನ್ನಿನಲ್ಲಿ ಕೂಡ ‘ಏನು ಬೈದರು, ಯಾರ ಮುಂದೆ ಬೈದರು’ ಅಂತಲೇ ಮೊದಲು ಕೇಳುತ್ತಾರೆ. ಬೈಯದೆ, ನಗುತ್ತಾ, ಎಲೆ ಹಾಕಿ ಬಡಿಸಿ ಮಾಡಿದ್ದಕ್ಕೆ ದೂರು ಬರೆಸುವುದು ಕಷ್ಟ. ಅಜಲು ಕಾಯ್ದೆ ಅಲ್ಲಿ ಕೆಲಸಕ್ಕೆ ಬರಬೇಕು. ಎರಡನ್ನೂ ಸೇರಿಸಿ ದೂರು ಕೊಡಬಹುದು.

ಗದ್ದೆಬದಿ

ಡೋಲು ತಮ್ಮನ ಮಾತು ಓದಿದೆ. ಜಾಗದ ವಿಷಯ ನಾನು ಯೋಚಿಸಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕಂಬಳದ ಬಗ್ಗೆ ಒಂದು ಮಾತು. ಈಗ ನಡೆಯುವ ದೊಡ್ಡ ಕಂಬಳಗಳಲ್ಲಿ ಯಾರನ್ನೂ ಹಾಗೆ ಓಡಿಸುವುದನ್ನು ನಾನು ಕಂಡಿಲ್ಲ. ಹಿಂದಿನದನ್ನು ಹಿಡಿದು ಇವತ್ತಿನ ಕಂಬಳಕ್ಕೆ ಮಸಿ ಬಳಿಯಬೇಡಿ.

ಡೋಲು_ಮತ್ತು_ಬುಟ್ಟಿ

ಬಳಿಯುವುದಿಲ್ಲ ಅಣ್ಣ, ನಾನೂ ಕಂಬಳ ನೋಡಲು ಹೋಗುತ್ತೇನೆ. ಸಾವಿರಾರು ಜನ, ಫ್ಲಡ್‌ಲೈಟ್, ಮೊಬೈಲ್ ಕ್ಯಾಮೆರಾ ಇರುವಲ್ಲಿ ಯಾರು ಓಡಿಸುತ್ತಾರೆ? ಕಾಯ್ದೆ ಬಂದು ಇಷ್ಟು ವರ್ಷದ ಮೇಲೆ ಅಜಲು ಇದ್ದರೆ ಅದು ನಾಲ್ಕು ಜನ ನೋಡುವ ಕಡೆ ಇರುವುದಿಲ್ಲ. ಹಿತ್ತಲಲ್ಲಿ ಇರುತ್ತದೆ.

ನಿಮಗೆ ಕಾಣುವ ಹಾಗೆ ನಡೆಯುವುದು ಇನ್ನೊಂದಿದೆ. ಅಷ್ಟಮಿಗೆ, ನವರಾತ್ರಿಗೆ ಮೈಗೆಲ್ಲ ಕಪ್ಪು ಬಳಿದುಕೊಂಡು, ತಲೆಗೆ ಮುಟ್ಟಾಳೆ (ಹಾಳೆಯ ಟೊಪ್ಪಿ) ಇಟ್ಟು, ‘ಕೊರಗ ವೇಷ’ ಅಂತ ಅಂಗಡಿ ಅಂಗಡಿಗೆ ಹೋಗುವುದು. ವಕ್ರವಕ್ರವಾಗಿ ಕುಣಿಯುವುದು, ತೊದಲುವುದು, ಭಿಕ್ಷೆ ಬೇಡುವುದು. ಶಾಲೆಯಲ್ಲಿ ಛದ್ಮವೇಷಕ್ಕೂ ಹಾಕಿಸಿದ್ದನ್ನು ಕಂಡಿದ್ದೇನೆ. ತರಗತಿಯಲ್ಲಿ ಒಂದು ಕೊರಗ ಮಗು ಕೂತಿರುತ್ತದೆ ಅಂತ ಆ ಟೀಚರ್ ಯೋಚಿಸಿರಲಿಕ್ಕಿಲ್ಲ. ವಸುಧಾ ಅಕ್ಕ, ಇದು ಅಜಲಿನೊಳಗೆ ಬರುತ್ತದಾ?

ವಕೀಲಿಕೆ_ವಸುಧಾ

ನಾನು ಹೇಳಿದ ನಾಲ್ಕರಲ್ಲಿ ‘ವೇಷ’ ಅಂತ ನೇರ ಪದ ಇಲ್ಲ. ಎರಡನೆಯದು, ಕೀಳಾಗಿ ನಡೆಸಿಕೊಳ್ಳುವುದು, ಅದರ ಅಡಿ ವಾದ ಕಟ್ಟಬಹುದು. ನಾನಾದರೆ ಕಟ್ಟುತ್ತೇನೆ. ಆದರೆ ವ್ಯಾಖ್ಯೆಯ ಶುರುವಿನಲ್ಲಿ ಕೊರಗರಿಂದ ಮಾಡಿಸುವ ಕ್ರಿಯೆಯ ಮಾತಿದೆ, ವೇಷ ಹಾಕಿದವನು ಕೊರಗನೇ ಅಲ್ಲವಲ್ಲ ಅಂತ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಆಗ 1989ರ ಕಾಯ್ದೆಯಲ್ಲಿ ಅವಮಾನದ ಬಗ್ಗೆ ಇರುವ ಕಲಮನ್ನು ಜೊತೆಗೆ ಹಿಡಿಯಬೇಕು. ಶಾಲೆಯ ಮಟ್ಟಿಗೆ ಕೋರ್ಟಿಗೆ ಹೋಗುವ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ, ಸಮಗ್ರ ಗಿರಿಜನ ಅಭಿವೃದ್ಧಿ ಕಚೇರಿಗೆ ಒಂದು ಅರ್ಜಿ ಕೊಡಿ. ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಕರಡು ಬೇಕಾದರೆ ನಾನು ಬರೆದುಕೊಡುತ್ತೇನೆ, ಖಾಸಗಿ ಸಂದೇಶ ಹಾಕಿ.

ರಾಣೆಬೆನ್ನೂರ್_ಓದುಗಿ

ಎಲ್ಲರ ಮಾತನ್ನೂ ನೋಟ್ ಮಾಡಿಕೊಂಡೆ. ಗೈಡಿನ ಆ ಸಾಲನ್ನು ಹೊಡೆದು ಹಾಕಿ ಹೀಗೆ ಬರೆದುಕೊಂಡಿದ್ದೇನೆ: ‘ಅಜಲು: ಕರಾವಳಿಯಲ್ಲಿ ಸ್ವಂತ ಜಾಗವಿಲ್ಲದ ಕೊರಗರಿಂದ ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು, ಬೇಡ ಅನ್ನಲಾಗದ ಹಾಗೆ ಸೇವೆ ಮಾಡಿಸಿಕೊಂಡದ್ದು, ಬೇರೆಯವರ ಕಾಯಿಲೆ, ದೋಷ, ಅಪಾಯಗಳನ್ನು ಅವರ ಮೈಮೇಲೆ ಹಾಕಿದ್ದು.’ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕೊಡುತ್ತಾರಾ ಗೊತ್ತಿಲ್ಲ. ತಪ್ಪಿದ್ದರೆ ತಿದ್ದಿ.

ಡೋಲು_ಮತ್ತು_ಬುಟ್ಟಿ

‘ಮಾಡಿಸಿಕೊಂಡದ್ದು’ ಅಲ್ಲ ಅಕ್ಕ, ‘ಮಾಡಿಸಿಕೊಳ್ಳುವುದು’ ಅಂತ ಬರೆಯಿರಿ. ಉಳಿದದ್ದು ಸರಿ ಇದೆ.